ಜೋರಾಗಿ ತಿಕ್ಕಮ್ಮ ಅನ್ನುವವರಿಗೆ

ಮೈಸೂರಿನ ಒಂದು ಆಯುರ್ವೇದ ಚಿಕಿತ್ಸಾಲಯದಲ್ಲಿ ನಾನು 14 ವರ್ಷದಿಂದ ಎಣ್ಣೆ ಹಚ್ಚುವ ಕೆಲಸ ಮಾಡುತ್ತಿದ್ದೇನೆ. ವೈದ್ಯರ ಚೀಟಿಯಲ್ಲಿ ಅದು ಅಭ್ಯಂಗ. ಬರುವವರ ಬಾಯಲ್ಲಿ ಮಸಾಜ್. ನಮ್ಮ ಅಜ್ಜಿ ಮೈ ನೀವೋದು ಅನ್ನುತ್ತಿದ್ದರು. ಹೆಸರು ಯಾವುದೇ ಇರಲಿ, ದ್ರೋಣಿಯ, ಅಂದರೆ ಎಣ್ಣೆ ಹಚ್ಚಲು ಮಲಗಿಸುವ ಮೇಜಿನ, ಮೇಲೆ ಮಲಗಿದ ಕೂಡಲೇ ಬಹಳ ಜನ ಹೇಳುವ ಮಾತು ಒಂದೇ. "ಜೋರಾಗಿ ತಿಕ್ಕಮ್ಮ, ಮೆತ್ತಗೆ ಮಾಡಿದ್ರೆ ನಂಗೆ ನಾಟಲ್ಲ."

ನೋವಾದಷ್ಟೂ ಗುಣ ಜಾಸ್ತಿ ಅಂತ ಮೊದಮೊದಲು ನಾನೂ ತಿಳಿದಿದ್ದೆ. ಕೆಲಸಕ್ಕೆ ಸೇರಿದ ಎರಡನೇ ವರ್ಷ 70 ದಾಟಿದ ಒಬ್ಬ ಅಜ್ಜಿ ಬಂದರು. ಅವರೂ ಜೋರಾಗಿ ಮಾಡು ಅಂದರು. ನಾನು ಉತ್ಸಾಹದಲ್ಲಿ ತೋಳು, ತೊಡೆ ಎಲ್ಲ ಒತ್ತಿ ಒತ್ತಿ ಮಾಡಿದೆ. ಮಾರನೇ ದಿನ ಅವರ ಮಗಳು ಫೋನ್ ಮಾಡಿದರು. ಅಮ್ಮನ ಮೈಮೇಲೆ ಅಲ್ಲಲ್ಲಿ ನೀಲಿ ಕಟ್ಟಿದೆ ಅಂದರು. ಹೃದಯದ ತೊಂದರೆಗೆ ಅವರು ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುತ್ತಿದ್ದರು. ಆ ಮಾತ್ರೆ ತಗೊಳ್ಳುವವರಿಗೆ ಚರ್ಮದ ಕೆಳಗೆ ರಕ್ತ ಬೇಗ ಒಸರುತ್ತದೆ. ನಾನು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ. ತಪ್ಪು ನನ್ನದೇ. ಅವರ ಮನೆಗೆ ಹೋಗಿ ಆ ಕೈಗಳನ್ನು ನೋಡಿ ಬಂದೆ. ಆ ರಾತ್ರಿ ನಿದ್ದೆ ಬರಲಿಲ್ಲ.

ಈಗ ನನ್ನ ಹತ್ತಿರ ಬಂದವರಿಗೆ ಮೊದಲ ಹತ್ತು ನಿಮಿಷ ಬರೀ ಪ್ರಶ್ನೆ. ಯಾವ ಮಾತ್ರೆ ತಗೊಳ್ತೀರಿ? ಸಕ್ಕರೆ ಕಾಯಿಲೆ ಇದೆಯಾ? ಇತ್ತೀಚೆಗೆ ಎಲ್ಲಾದರೂ ಬಿದ್ದಿರಾ, ಆಪರೇಷನ್ ಆಗಿದೆಯಾ? ಊಟ ಆಗಿ ಎಷ್ಟು ಹೊತ್ತಾಯಿತು? ಮುಟ್ಟಾಗಿದ್ದೀರಾ, ಗರ್ಭಿಣಿಯಾ? ಕೆಲವರಿಗೆ ಇದು ಬೇಜಾರು. ಎಣ್ಣೆ ಹಚ್ಚೋಕೆ ಇಷ್ಟೆಲ್ಲ ಯಾಕೆ ಅನ್ನುತ್ತಾರೆ. ಯಾವುದೇ ಕಡೆ ಮಸಾಜಿಗೆ ಹೋದಾಗ ಈ ಪ್ರಶ್ನೆಗಳನ್ನು ಕೇಳದೆ ಸೀದಾ ಮಲಗಿಸಿದರೆ, ನೀವೇ ಎದ್ದು ಹೇಳಿ. ಜ್ವರ ಇದ್ದಾಗ, ಅಜೀರ್ಣ ಆಗಿದ್ದಾಗ, ಚರ್ಮದ ಮೇಲೆ ಕೀವು, ಗಾಯ ಇದ್ದಾಗ ನಾವು ಮಾಡುವುದೇ ಇಲ್ಲ. ಹೊಟ್ಟೆ ತುಂಬಾ ಊಟ ಮಾಡಿದ್ದರೆ ಎರಡು ಗಂಟೆಯಾದರೂ ಬಿಡಬೇಕು.

ಒತ್ತಡ ಅಂದರೆ ಏನು ಅಂತ ನಾನು ಸರಿಯಾಗಿ ಕಲಿತದ್ದು ಆ ಅಜ್ಜಿಯ ಪ್ರಸಂಗ ಆದ ಮೇಲೆ. ನಮ್ಮ ಹಿರಿಯ ಥೆರಪಿಸ್ಟ್ ಮೇಡಂ ಒಂದು ದಿನ ತೂಕ ನೋಡುವ ಮೆಷೀನನ್ನು ದ್ರೋಣಿಯ ಮೇಲಿಟ್ಟರು. ಅಂಗೈಯಿಂದ ಎರಡು ಕೆ.ಜಿ. ಬರುವಷ್ಟು ಒತ್ತು ಅಂದರು. ಮುಳ್ಳು ನೋಡಿಕೊಂಡು ಒತ್ತುವುದು ಸುಲಭ. ಈಗ ಕಣ್ಣು ಮುಚ್ಚಿ ಅಷ್ಟೇ ಒತ್ತು ಅಂದರು. ನಾನು ಎರಡು ಅಂದುಕೊಂಡು ಒತ್ತಿದ್ದು ಆರು ಕೆ.ಜಿ. ಇತ್ತು. ಬೇಸರದ ದಿನ ಇನ್ನೂ ಜಾಸ್ತಿ ಬರುತ್ತಿತ್ತು. ಒಂದು ತಿಂಗಳು ದಿನಾ ಬೆಳಿಗ್ಗೆ ಅದೇ ಅಭ್ಯಾಸ. ಎರಡು, ನಾಲ್ಕು, ಮತ್ತೆ ಎರಡು. ಕೈಗೆ ಲೆಕ್ಕ ಬಂದ ಮೇಲೆ ಮೇಡಂ ಇನ್ನೊಂದು ಹೇಳಿಕೊಟ್ಟರು. ಬಲ ಹೆಬ್ಬೆರಳಿನಿಂದ ಬರಬಾರದು, ಹಿಂದಿಟ್ಟ ಕಾಲಿನಿಂದ ಬರಬೇಕು. ಹಿಂಗಾಲಿನ ಮೇಲೆ ನಿಂತು ಮೈಯನ್ನೇ ಮುಂದಕ್ಕೆ ವಾಲಿಸಿದರೆ ಅಂಗೈ ತಾನಾಗಿ ಇಳಿಯುತ್ತದೆ. ಬರೀ ಹೆಬ್ಬೆರಳಿನಲ್ಲಿ ದುಡಿದವರ ಕೀಲು ಬೇಗ ಹೋಗುತ್ತದೆ. ನನ್ನ ಜೊತೆಗಿದ್ದ ಇಬ್ಬರು ಹಾಗೇ ಕೆಲಸ ಬಿಟ್ಟರು.

ನಮ್ಮ ಬೀದಿಯಲ್ಲಿ ಒಬ್ಬರು ಹಳೆಯ ಪೈಲ್ವಾನರಿದ್ದಾರೆ. ಮೈಸೂರಿನ ಗರಡಿಯಲ್ಲಿ ಬೆಳೆದವರು. ಗರಡಿ ಅಂದರೆ ಜೋರು ಮಾಲೀಶು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ಅಲ್ವಾ? ಅವರನ್ನು ಕೇಳಿದಾಗ ಹೇಳಿದ್ದು ಬೇರೆ. ತಾಲೀಮು ಮುಗಿದ ಮೇಲೆ ಮೊದಲು ಮೈ ಬಿಸಿಯಾಗುವವರೆಗೆ ಬರೀ ಸವರುತ್ತಿದ್ದರಂತೆ. ಹೊಸ ಪೆಟ್ಟಾಗಿ ಊದಿಕೊಂಡ ಕಡೆ ಉಸ್ತಾದರು ಕೈ ಇಡಲು ಬಿಡುತ್ತಲೇ ಇರಲಿಲ್ಲವಂತೆ.

ಇನ್ನು ಮೊದಲ ಸಲ ಬರುವವರಿಗೆ ಏನಾಗುತ್ತದೆ ಅಂತ ಹೇಳುತ್ತೇನೆ. ಭಯಕ್ಕಿಂತ ನಾಚಿಕೆಯೇ ಜಾಸ್ತಿ ಇರುತ್ತದೆ. ನಮ್ಮಲ್ಲಿ ಹೆಂಗಸರಿಗೆ ಹೆಂಗಸರೇ, ಗಂಡಸರಿಗೆ ಗಂಡಸರೇ. ಎಷ್ಟು ಬಟ್ಟೆ ತೆಗೆಯಬೇಕು ಅನ್ನುವುದು ನಿಮ್ಮ ಇಷ್ಟ. ಎಣ್ಣೆ ಹಚ್ಚುವ ಭಾಗ ಬಿಟ್ಟು ಉಳಿದದ್ದಕ್ಕೆ ಬಟ್ಟೆ ಹೊದಿಸಿರುತ್ತೇವೆ. ಬೇಡ ಅನ್ನಿಸಿದರೆ ಯಾವ ಕ್ಷಣದಲ್ಲೂ ಬೇಡ ಅನ್ನಬಹುದು. ಮಾತಾಡಬೇಕು ಅಂತೇನೂ ಇಲ್ಲ. ಸುಮ್ನೆ ಮಲಗಿದರೆ ನಮಗೇ ಖುಷಿ.

ಎಣ್ಣೆಯನ್ನು ನೇರವಾಗಿ ಒಲೆಯ ಮೇಲಿಡುವುದಿಲ್ಲ. ಬಿಸಿನೀರಿನ ಪಾತ್ರೆಯಲ್ಲಿ ಎಣ್ಣೆಯ ಬಟ್ಟಲಿಟ್ಟು ಕಾಯಿಸುತ್ತೇವೆ. ನನ್ನ ಮಣಿಕಟ್ಟಿನ ಒಳಭಾಗಕ್ಕೆ ಒಂದು ಹನಿ ಬಿಟ್ಟುಕೊಂಡು ನೋಡಿಯೇ ಮುಂದಿನ ಕೆಲಸ. ಸಕ್ಕರೆ ಕಾಯಿಲೆಯವರಿಗೆ ಎರಡು ಸಲ ನೋಡುತ್ತೇನೆ. ಅವರಲ್ಲಿ ಕೆಲವರಿಗೆ ಪಾದದ ಸ್ಪರ್ಶ ಕಡಿಮೆಯಾಗಿರುತ್ತದೆ, ಸುಟ್ಟರೂ ಗೊತ್ತಾಗುವುದಿಲ್ಲ. ಯಾವ ಎಣ್ಣೆ ಅನ್ನುವುದು ವೈದ್ಯರ ತೀರ್ಮಾನ. ಬರೀ ಎಳ್ಳೆಣ್ಣೆ ಇರಬಹುದು, ಎಳ್ಳೆಣ್ಣೆಯಲ್ಲಿ ಹಾಲು ಮತ್ತು ಬಲಾ ಅನ್ನುವ ಗಿಡದ ಬೇರು ಹಾಕಿ ಕಾಯಿಸಿದ ಕ್ಷೀರಬಲಾ ತೈಲ ಇರಬಹುದು. ಒಂದು ಸಲಕ್ಕೆ ನೂರು, ನೂರೈವತ್ತು ಮಿಲಿ ಲೀಟರ್ ಬೇಕಾಗುತ್ತದೆ.

ಶುರು ತಲೆಯಿಂದ. ಕೂರಿಸಿ ನೆತ್ತಿಗೆ, ಕಿವಿಗೆ, ಕುತ್ತಿಗೆಗೆ ಹಚ್ಚುತ್ತೇವೆ. ಆಮೇಲೆ ಅಂಗಾತ, ಎರಡೂ ಮಗ್ಗುಲು, ಬೋರಲು. ದ್ರೋಣಿಯ ಆಚೆ ಒಬ್ಬರು, ಈಚೆ ಒಬ್ಬರು ನಿಂತಿರುತ್ತೇವೆ. ಇಬ್ಬರ ಕೈಯೂ ಒಂದೇ ಹೊತ್ತಿಗೆ ಹೆಗಲಿನಿಂದ ಹೊರಟು ಒಂದೇ ಹೊತ್ತಿಗೆ ಬೆರಳಿಗೆ ತಲುಪಬೇಕು. ಒಬ್ಬಳು ಮುಂದೆ ಓಡಿದರೂ ಮಲಗಿದವರಿಗೆ ಕಿರಿಕಿರಿ. ಮಾತಾಡದೆ ಅದನ್ನು ಸರಿದೂಗಿಸುವುದು ಉಸಿರಿನ ಲೆಕ್ಕದಲ್ಲಿ. ಕೈಕಾಲಿಗೆ ಉದ್ದುದ್ದ, ಕೀಲು ಬಂದಲ್ಲಿ ದುಂಡಗೆ. ಹೊಟ್ಟೆಯ ಮೇಲೆ ಗಡಿಯಾರದ ಮುಳ್ಳು ಹೋಗುವ ಕಡೆಗೇ. ದೊಡ್ಡ ಕರುಳು ಸಾಗುವುದೂ ಆ ದಾರಿಯಲ್ಲೇ. ಒಟ್ಟು ಮುಕ್ಕಾಲು ಗಂಟೆ.

ಸುಮಾರು ಹದಿನೈದನೇ ನಿಮಿಷಕ್ಕೆ ಒಂದು ಬದಲಾವಣೆ ಆಗುತ್ತದೆ. ನನಗೆ ತುಂಬಾ ಇಷ್ಟವಾದ ಗಳಿಗೆ ಅದು. ಅಲ್ಲಿಯವರೆಗೆ ನಾನು ಕೈ ಎತ್ತಿದರೆ ಅವರೂ ಜೊತೆಗೆ ಎತ್ತುತ್ತಿರುತ್ತಾರೆ, ಸಹಾಯ ಮಾಡುವವರ ಹಾಗೆ. ಇದ್ದಕ್ಕಿದ್ದಂತೆ ಆ ಕೈ ಭಾರವಾಗುತ್ತದೆ. ಪೂರ್ತಿ ನನ್ನ ಕೈಗೆ ಬಿಟ್ಟುಬಿಡುತ್ತಾರೆ. ಉಸಿರು ಎದೆಯಿಂದ ಹೊಟ್ಟೆಗೆ ಇಳಿಯುತ್ತದೆ. ಹೊಟ್ಟೆ ಗುಳುಗುಳು ಅನ್ನುತ್ತದೆ. ಅದಕ್ಕೆ ನಾಚಿಕೊಳ್ಳುವವರಿದ್ದಾರೆ. ನಾಚಿಕೊಳ್ಳಬೇಡಿ. ಧಾವಂತದಲ್ಲಿದ್ದ ಮೈ ನಿಧಾನಕ್ಕೆ ಬಂದಿದೆ, ಎದೆಬಡಿತ ಇಳಿದಿದೆ, ಕರುಳು ತನ್ನ ಕೆಲಸ ಶುರು ಮಾಡಿದೆ ಅಂತ ಅದರ ಅರ್ಥ. ಇದು ಆಗುವುದು ನಿಧಾನವಾದ, ಒಂದೇ ಸಮನಾದ ಒತ್ತಡಕ್ಕೆ. ನೋವು ಕೊಟ್ಟರೆ ಮೈ ಬಿಗಿ ಹಿಡಿಯುತ್ತದೆ. ಬಿಗಿ ಹಿಡಿದ ಸ್ನಾಯುವನ್ನು ಎಷ್ಟು ಒತ್ತಿದರೂ ಅದು ಇನ್ನಷ್ಟು ಗಟ್ಟಿಯಾಗುತ್ತದೆ, ಅಷ್ಟೇ.

ಲಾಭ ಏನು ಅಂತ ಕೇಳಿದರೆ ನಾನು ನೋಡಿದ್ದನ್ನೇ ಹೇಳುತ್ತೇನೆ. ಅವತ್ತು ರಾತ್ರಿ ನಿದ್ದೆ ಚೆನ್ನಾಗಿ ಬರುತ್ತದೆ. ಕುತ್ತಿಗೆ, ಹೆಗಲು, ಸೊಂಟದ ಬಿಗಿತ ಸಡಿಲವಾಗುತ್ತದೆ. ಇಡೀ ದಿನ ಕಂಪ್ಯೂಟರ್ ಮುಂದೆ ಕೂರುವವರಿಗೆ, ಹೊಲಿಗೆ ಮೆಷೀನ್ ತುಳಿಯುವವರಿಗೆ ಇದು ದೊಡ್ಡ ಆರಾಮ. ಒಣಗಿದ ಚರ್ಮ ಮೆದುವಾಗುತ್ತದೆ. ಬೆನ್ನುನೋವಿಗೆ ಕೆಲವು ದಿನ ಹಾಯಾಗಿರುತ್ತದೆ. ಆ ಹಾಯಾದ ದಿನಗಳಲ್ಲಿ ವ್ಯಾಯಾಮ, ನಡಿಗೆ ಶುರು ಮಾಡಿದವರಿಗೆ ಮಾತ್ರ ಅದು ಉಳಿಯುತ್ತದೆ. ಜಾರಿದ ಡಿಸ್ಕನ್ನು ನನ್ನ ಕೈ ವಾಪಸ್ ಕೂರಿಸುವುದಿಲ್ಲ. ತೂಕ ಇಳಿಸುವುದಿಲ್ಲ. ಮೈಯಲ್ಲಿರುವ ವಿಷ ಎಲ್ಲ ಹೊರಗೆ ಬರುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಆ ಕೆಲಸಕ್ಕೆ ದೇವರು ಲಿವರ್, ಕಿಡ್ನಿ ಕೊಟ್ಟಿದ್ದಾನೆ.

ಮುಗಿದ ಕೂಡಲೇ ಎದ್ದು ನಿಲ್ಲಬೇಡಿ. ಕೆಲವರಿಗೆ ತಲೆ ಸುತ್ತುತ್ತದೆ. ಎರಡು ನಿಮಿಷ ಅಂಚಿನಲ್ಲಿ ಕೂತಿರಿ. ಅಷ್ಟರಲ್ಲಿ ನಾವು ಅಂಗಾಲಿನ ಎಣ್ಣೆ ಒರೆಸುತ್ತೇವೆ. ಎಣ್ಣೆ ಕಾಲಿನಲ್ಲಿ ಟೈಲ್ಸ್ ಮೇಲೆ ಕಾಲಿಟ್ಟು ಜಾರಿದರೆ ಸೊಂಟ ಮುರಿದ ಹಾಗೇ. ವೈದ್ಯರು ಬರೆದಿದ್ದರೆ ಹತ್ತು, ಹದಿನೈದು ನಿಮಿಷ ಆವಿ. ಆಮೇಲೆ ಹೆಸರು ಹಿಟ್ಟು ಹಚ್ಚಿ ಬಿಸಿನೀರಿನ ಸ್ನಾನ. ಹಳೇ ಬಟ್ಟೆ ತನ್ನಿ, ಎಣ್ಣೆ ಕಲೆ ಹೋಗುವುದಿಲ್ಲ. ಮಾರನೇ ದಿನ ಮೈ ಸ್ವಲ್ಪ ನೋಯಬಹುದು. ಎರಡು ದಿನ ಕಳೆದರೂ ಹೋಗದಿದ್ದರೆ ನಮಗೆ ಹೇಳಿ.

ಮನೆಯಲ್ಲೇ ಮಾಡಿಕೊಳ್ಳುವವರಿಗೂ ಒಂದು ಮಾತು. ನಮ್ಮ ಕಡೆ ಎಣ್ಣೆಸ್ನಾನ ಯುಗಾದಿಗೆ, ದೀಪಾವಳಿಗೆ ಮಾತ್ರ ಉಳಿದಿದೆ. ತಲೆ, ಕಿವಿ, ಪಾದ ಈ ಮೂರಕ್ಕೆ ವಿಶೇಷವಾಗಿ ಎಣ್ಣೆ ಹಚ್ಚಬೇಕು ಅಂತ ಆಯುರ್ವೇದದ ಹಳೆಯ ಗ್ರಂಥ ಅಷ್ಟಾಂಗ ಹೃದಯದಲ್ಲೇ ಇದೆ. ಮೂರಕ್ಕೂ ಪುರುಸೊತ್ತಿಲ್ಲದಿದ್ದರೆ ಪಾದಕ್ಕಾದರೂ ಹಚ್ಚಿ. ನಾನು ನಮ್ಮ ಅತ್ತೆಗೆ ದಿನಾ ರಾತ್ರಿ ಎರಡು ಚಮಚ ಎಳ್ಳೆಣ್ಣೆ ಬೆಚ್ಚಗೆ ಮಾಡಿ ಅಂಗಾಲಿಗೆ ಸವರುತ್ತೇನೆ. ಒಂದೊಂದು ಕಾಲಿಗೆ ಐದು ನಿಮಿಷ. ಆಮೇಲೆ ಹಳೆಯ ಹತ್ತಿ ಕಾಲುಚೀಲ ಹಾಕುತ್ತೇನೆ. ಅವರ ಹಿಮ್ಮಡಿ ಒಡೆಯುವುದು ನಿಂತಿದೆ.

ಎರಡು ವರ್ಷದ ಹಿಂದೆ ಒಬ್ಬರು ಅಮೆರಿಕದಲ್ಲಿ ಮಗಳ ಬಾಣಂತನ ಮುಗಿಸಿಕೊಂಡು ಬಂದಿದ್ದರು. ಬಂದ ನಾಲ್ಕನೇ ದಿನಕ್ಕೇ ನಮ್ಮಲ್ಲಿಗೆ ಬಂದರು. "ವಿಮಾನದಲ್ಲಿ ಕೂತೂ ಕೂತೂ ಎಡಗಾಲಿನ ಮೀನಖಂಡ ಹಿಡ್ಕೊಂಡಿದೆ ಕಣಮ್ಮ. ಚೆನ್ನಾಗಿ ತಿಕ್ಕಿ ಬಿಡಿಸು" ಅಂದರು. ಅವರು ಸೀರೆ ಸ್ವಲ್ಪ ಮೇಲೆತ್ತಿದಾಗ ಎರಡೂ ಕಾಲು ಒಟ್ಟಿಗೆ ಕಂಡವು. ಬಲಗಾಲಿನ ಗೆಜ್ಜೆಗೊಲಸು ಸಡಿಲವಾಗಿ ಆಡುತ್ತಿತ್ತು. ಎಡಗಾಲಿನದು ಚರ್ಮದೊಳಗೆ ಹೂತುಹೋಗಿತ್ತು. ಕೈ ಹಿಂಭಾಗ ತಾಗಿಸಿ ನೋಡಿದೆ. ಎಡಗಾಲು ಬಿಸಿ ಇತ್ತು. ಟೇಪ್ ತಂದು ಅಳೆದೆ. ಎಡ ಮೀನಖಂಡ ಮೂರು ಸೆಂಟಿಮೀಟರಿಗಿಂತ ಜಾಸ್ತಿ ದಪ್ಪ.

ಎಣ್ಣೆ ಬಟ್ಟಲು ಪಕ್ಕಕ್ಕಿಟ್ಟು ವೈದ್ಯರನ್ನು ಕರೆದೆ. ತುಂಬಾ ಹೊತ್ತು ಅಲುಗಾಡದೆ ಕೂತಾಗ ಕಾಲಿನ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು. ಅದನ್ನು ತಿಕ್ಕಿದರೆ ಹೆಪ್ಪು ಬಿಡಿಸಿಕೊಂಡು ಶ್ವಾಸಕೋಶಕ್ಕೆ ಹೋಗಬಹುದು. ಜೀವಕ್ಕೇ ಅಪಾಯ. ವೈದ್ಯರು ಕೂಡಲೇ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಆ ಅಮ್ಮನಿಗೆ ನನ್ನ ಮೇಲೆ ಕೋಪ. "ಒಂದು ಕಾಲು ತಿಕ್ಕು ಅಂದ್ರೆ ಆಸ್ಪತ್ರೆಗೆ ಕಳಿಸ್ತೀಯಲ್ಲಮ್ಮ" ಅಂತ ಹೇಳಿಕೊಂಡೇ ಆಟೋ ಹತ್ತಿದರು. ಸಂಜೆ ಅವರ ಮಗ ಫೋನ್ ಮಾಡಿದರು. ಸ್ಕ್ಯಾನ್‌ನಲ್ಲಿ ಹೆಪ್ಪು ಕಂಡಿತ್ತು, ಅಡ್ಮಿಟ್ ಮಾಡಿಕೊಂಡಿದ್ದರು. ಫೋನ್ ಇಟ್ಟ ಮೇಲೆ ನನ್ನ ಕೈ ನಡುಗುತ್ತಿತ್ತು. ನೀಲಿ ಕಟ್ಟಿದ್ದ ಆ ಅಜ್ಜಿಯ ತೋಳುಗಳು ನೆನಪಾದವು.

ಎಂಟು ತಿಂಗಳಾದ ಮೇಲೆ ಅವರು ಮತ್ತೆ ಬಂದರು. ಮಸಾಜ್ ಮಾಡಿಸಿಕೊಳ್ಳಬಹುದು, ಹಗುರವಾಗಿ ಅಂತ ಆಸ್ಪತ್ರೆಯ ಡಾಕ್ಟರು ಬರೆದುಕೊಟ್ಟ ಚೀಟಿ ಕೈಯಲ್ಲಿತ್ತು. ನಾನು ಕೇಳುವ ಮೊದಲೇ ಮಾತ್ರೆಗಳ ಹೆಸರು ಒಂದೊಂದಾಗಿ ಹೇಳಿದರು. ದ್ರೋಣಿಯ ಅಂಚಿನಲ್ಲಿ ಕೂತು ತಾವೇ ಸೀರೆ ಎತ್ತಿ ಎರಡೂ ಕಾಲು ಚಾಚಿದರು. "ಮೊದಲು ಟೇಪ್ ತಗೊಂಡು ಬಾಮ್ಮ, ಎಣ್ಣೆ ಆಮೇಲೆ" ಅಂದರು. ಅಳೆದೆ. ಎರಡೂ ಸಮ ಇದ್ದವು. ಬಟ್ಟಲು ಬಿಸಿನೀರಿಗೆ ಇಳಿಸಿದೆ.