ಸೋಲಾರ್‌ಗೆ ಮುಂಚೆ ಹಳೇ ಕರೆಂಟ್ ಬಿಲ್ ತೆಗೆದು ನೋಡಿ

ಕೋಲಾರದ ಕಡೆ ಮನೆ ಮೇಲೆ ಸೋಲಾರ್ ಹಾಕಿಸಬೇಕು ಅಂದುಕೊಂಡವರಿಗೆ ಒಂದು ಮಾತು. ಮೊದಲು ಒಂದು ವರ್ಷದ ಬಿಲ್ ಮುಂದಿಟ್ಟುಕೊಳ್ಳಿ. ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರುತ್ತಿದ್ದರೆ ಸುಮ್ನೆ ಯಾಕೆ ಸಾಲ? ತಿಂಗಳಿಗೆ 200 ಯೂನಿಟ್ ದಾಟುವ ಮನೆಗಾದರೆ ಲೆಕ್ಕ ಕೂಡಿಬರುತ್ತದೆ.

ಪಿಎಂ ಸೂರ್ಯಘರ್ ಯೋಜನೆಯಲ್ಲಿ 1 ಕಿಲೋವ್ಯಾಟ್‌ಗೆ 30,000, 2ಕ್ಕೆ 60,000, 3ಕ್ಕೆ 78,000 ರೂಪಾಯಿ ಸಬ್ಸಿಡಿ. 3 ದಾಟಿದರೂ ಅಷ್ಟೇ. ಆದರೆ ದುಡ್ಡು ಮೊದಲೇ ಕೈಗೆ ಸಿಗುವುದಿಲ್ಲ. ಪ್ಯಾನಲ್ ಕೂರಿಸಿ, ನೆಟ್ ಮೀಟರ್ (ನಾವು ಲೈನಿಗೆ ಕೊಟ್ಟ ಕರೆಂಟ್, ತೆಗೆದುಕೊಂಡ ಕರೆಂಟ್ ಎರಡನ್ನೂ ಅಳೆಯುವ ಮೀಟರ್) ಬಂದು, ಎಲ್ಲ ಮುಗಿದ ಮೇಲೆ ಬ್ಯಾಂಕ್ ಖಾತೆಗೆ ಬರುತ್ತದೆ. ಪ್ಯಾನಲ್ ನಮ್ಮ ದೇಶದಲ್ಲೇ ತಯಾರಾಗಿರಬೇಕು, ಕೇಳಿ ತಿಳಿದುಕೊಳ್ಳಿ. ಬಿಲ್ ಮೇಲಿರುವ ಆರ್‌ಆರ್ ನಂಬರ್, ಅಂದರೆ ಕರೆಂಟ್ ಸಂಪರ್ಕದ ನಂಬರ್, ಇನ್ನೂ ತಾತನ ಹೆಸರಲ್ಲೇ ಇದೆಯಾ? ಮೊದಲು ಅದನ್ನು ಬದಲಾಯಿಸಿ. ನಾವು ಇದಕ್ಕೇ ಎರಡು ತಿಂಗಳು ಅಲೆದೆವು.

1 ಕಿಲೋವ್ಯಾಟ್‌ಗೆ ಸುಮಾರು 100 ಚದರ ಅಡಿ ಜಾಗ ಬೇಕು. ಒಳ್ಳೆ ಬಿಸಿಲಿದ್ದರೆ ದಿನಕ್ಕೆ ಹೆಚ್ಚುಕಡಿಮೆ 4 ಯೂನಿಟ್ ಬರುತ್ತದೆ. ನೀರಿನ ಟ್ಯಾಂಕ್, ತೆಂಗಿನ ಗರಿ, ಯಾವುದರ ನೆರಳೂ ಬೀಳಬಾರದು.

ಹಳೇ ಇನ್ವರ್ಟರ್ ಮಾರಬೇಡಿ ಮತ್ತೆ! ಬ್ಯಾಟರಿ ಇಲ್ಲದ ಸೋಲಾರ್ ಕರೆಂಟ್ ಹೋದ ಕೂಡಲೇ ತಾನೂ ನಿಲ್ಲುತ್ತದೆ, ಮಧ್ಯಾಹ್ನದ ಉರಿಬಿಸಿಲಲ್ಲೂ. ನಮ್ಮ ಸೋಲಾರ್ ಕರೆಂಟ್ ಲೈನಿಗೆ ಹರಿದು ಕಂಬದ ಮೇಲಿರುವ ಲೈನ್‌ಮನ್‌ಗೆ ಶಾಕ್ ಹೊಡೆಯಬಾರದು ಅಲ್ವಾ?

ಇನ್ನು ಧೂಳು. ನಮ್ಮ ಬೋರ್‌ವೆಲ್‌ನ ಗಡಸು ನೀರಲ್ಲಿ ತೊಳೆದು ಹಾಗೇ ಬಿಟ್ಟರೆ ಗಾಜಿನ ಮೇಲೆ ಬಿಳಿ ಕಲೆ ಕೂರುತ್ತದೆ. ನಾನು ಮಳೆನೀರು ಹಿಡಿದಿಟ್ಟು, ಬಿಸಿಲೇರುವ ಮುಂಚೆ ಮೆತ್ತನೆ ಬಟ್ಟೆಯಲ್ಲಿ ಒರೆಸುತ್ತೇನೆ.