ಎಕ್ಸ್ ಒಂದೇ ಕಂಡರೆ ಹೆಣ್ಣೆಂದು ಬರೆಯಬೇಡಿ

ಕಲಬುರಗಿ ಕಡೆಯ ತೊಗರಿ ಹೊಲದಲ್ಲಿ ಸಿಕ್ಕ ಮನುಷ್ಯನ ಎಲುಬು ಡಿಎನ್‌ಎ ಪರೀಕ್ಷೆಗೆಂದು ಕೈಗೆ ಬಂದಾಗ ಗಂಡೋ ಹೆಣ್ಣೋ ಎಂಬುದು ಆಮೇಲಿನ ಮಾತು, ಮೊದಲು ಅದಕ್ಕೆ ಮೆತ್ತಿದ ಎರೆಮಣ್ಣು ಬಿಡಿಸಬೇಕು. ಮಣ್ಣಿನ ಹ್ಯೂಮಿಕ್ ಆಮ್ಲ ಡಿಎನ್‌ಎ ಜೊತೆಗೇ ಬಂದು, ಡಿಎನ್‌ಎಯ ನಕಲು ಮಾಡಿ ಹೆಚ್ಚಿಸುವ ಪಿಸಿಆರ್ ಕ್ರಿಯೆಯನ್ನು ತಡೆಯುತ್ತದೆ. ಹಸಿ ಎಲುಬನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕಳಿಸುವುದಂತೂ ಬೇಡವೇ ಬೇಡ. ನಮ್ಮ ಮೇ ತಿಂಗಳ ಬಿಸಿಲಿಗೆ ಒಳಗೇ ಬೆವತು ಬೂಸ್ಟು ಹಿಡಿಯುತ್ತದೆ. ನೆರಳಲ್ಲಿ ಆರಿಸಿ ಕಾಗದದ ಕವರ್‌ನಲ್ಲಿ ಕಳಿಸಿ.

ತೊಡೆಯೆಲುಬಿನ ನಡುಭಾಗದ ಮೇಲ್ಪದರ ಉಜ್ಜಿ ತೆಗೆದು, ಬ್ಲೀಚ್‌ನಲ್ಲಿ ಅದ್ದಿ, ಶುದ್ಧ ನೀರಲ್ಲಿ ತೊಳೆದು ಒಣಗಿಸುತ್ತೇನೆ. ಡ್ರಿಲ್ ನಿಧಾನಕ್ಕೆ ತಿರುಗಬೇಕು. ಕಾದರೆ ಡಿಎನ್‌ಎ ಇನ್ನಷ್ಟು ಚೂರಾಗುತ್ತದೆ. ಅರ್ಧ ಗ್ರಾಂ ಪುಡಿಗೆ 0.5 ಮೋಲಾರ್ ಇಡಿಟಿಎ (ಎಲುಬಿನ ಕ್ಯಾಲ್ಸಿಯಂ ಬಿಡಿಸುವ ರಾಸಾಯನಿಕ) ಮತ್ತು ಪ್ರೋಟೀನೇಸ್ ಕೆ (ಪ್ರೋಟೀನ್ ಒಡೆಯುವ ಕಿಣ್ವ) ಹಾಕಿ, 56 ಡಿಗ್ರಿಯಲ್ಲಿ ರಾತ್ರಿಯಿಡೀ ಅಲುಗಾಡಿಸುತ್ತಾ ಇಡುವುದು, ಆಮೇಲೆ ಡಿಎನ್‌ಎ ಹಿಡಿದಿಡುವ ಸಿಲಿಕಾ ಕಾಲಮ್. ತೊಳೆಯುವಾಗ ಅವಸರ ಬೇಡ. ಇಡಿಟಿಎ ಉಳಿದರೆ ಅದು ಮೆಗ್ನೀಸಿಯಂ ಹಿಡಿದುಕೊಳ್ಳುತ್ತದೆ, ಮೆಗ್ನೀಸಿಯಂ ಇಲ್ಲದೆ ಪಿಸಿಆರ್ ನಡೆಸುವ ಟ್ಯಾಕ್ ಕಿಣ್ವ ಕೆಲಸ ಮಾಡದು. ಕೊನೆಗೆ ಬಂದ ದ್ರವ ಚಹಾದ ಬಣ್ಣಕ್ಕಿದ್ದರೆ ಹತ್ತು ಪಟ್ಟು ತೆಳುಮಾಡಿ, ಹ್ಯೂಮಿಕ್ ಆಮ್ಲದಂಥ ಅಡ್ಡಿಗಳನ್ನು ಹಿಡಿದುಕೊಳ್ಳುವ ಬಿಎಸ್‌ಎ ಪ್ರೋಟೀನ್ ಸೇರಿಸಿ ಮತ್ತೆ ಓಡಿಸುತ್ತೇನೆ.

ಗಂಡೋ ಹೆಣ್ಣೋ ತಿಳಿಯಲು ನೋಡುವುದು ಎಕ್ಸ್, ವೈ ಎರಡೂ ವರ್ಣತಂತುಗಳ ಮೇಲಿರುವ ಅಮೆಲೊಜೆನಿನ್ ಜೀನ್. ಅದರ ಎಕ್ಸ್ ಪ್ರತಿಯಲ್ಲಿ 6 ಬೇಸ್ (ಡಿಎನ್‌ಎಯ ಅಕ್ಷರ) ಕಡಿಮೆ. ಹೆಚ್ಚು ಬಳಕೆಯಲ್ಲಿರುವ ಪ್ರೈಮರ್ ಜೋಡಿಗೆ (ನಕಲು ಎಲ್ಲಿಂದ ಎಲ್ಲಿಗೆ ಎಂದು ಗುರುತಿಸುವ ಚಿಕ್ಕ ಡಿಎನ್‌ಎ ತುಣುಕುಗಳು) ಎಕ್ಸ್ ತುಣುಕು 106 ಬೇಸ್‌ಗೆ, ವೈ 112ಕ್ಕೆ ಗ್ರಾಫಿನಲ್ಲಿ ಶಿಖರವಾಗಿ ಬೀಳುತ್ತದೆ. ಗಂಡಿಗೆ ಹೆಚ್ಚುಕಮ್ಮಿ ಸಮ ಎತ್ತರದ ಎರಡು ಶಿಖರ, ಹೆಣ್ಣಿಗೆ ಒಂದೇ. ಎಕ್ಸ್ ಎತ್ತರವಾಗಿ, ವೈ ಗಿಡ್ಡವಾಗಿದ್ದರೆ ಹೆಣ್ಣು-ಗಂಡಿನ ಮಿಶ್ರಣದ ಅನುಮಾನ. ಎಲುಬು ಎತ್ತಿದವರ ಬೆವರೂ ಆಗಿರಬಹುದು, ಲ್ಯಾಬಿನಲ್ಲಿ ಸೇರಿದ್ದೂ ಆಗಿರಬಹುದು. ಲ್ಯಾಬಿನದನ್ನು ಹಿಡಿಯಲು ಪ್ರತಿ ಸಲ ಎಲುಬಿನ ಪುಡಿ ಹಾಕದ ಖಾಲಿ ನಳಿಕೆಯನ್ನೂ ಜೊತೆಗೆ ಓಡಿಸಬೇಕು.

ಎಡವುವುದು ಎಕ್ಸ್ ಒಂದೇ ಬಂದಾಗ. ಒಂದು ಕೋಶದಲ್ಲಿರುವುದು ಸುಮಾರು 6.6 ಪಿಕೊಗ್ರಾಂ ಡಿಎನ್‌ಎ. ಮಾದರಿ 100 ಪಿಕೊಗ್ರಾಂಗಿಂತ ಕೆಳಗಿಳಿದರೆ ವೈ ಬರೀ ಆಕಸ್ಮಿಕವಾಗಿ ಬಿಟ್ಟುಹೋಗಬಹುದು. ಆಗ ವ್ಯಕ್ತಿಯ ಗುರುತಿಗೆ ನೋಡುವ ಉಳಿದ ಎಸ್‌ಟಿಆರ್ (ಡಿಎನ್‌ಎಯ ಪುನರಾವರ್ತನೆಯ) ಜಾಗಗಳಲ್ಲೂ ಶಿಖರಗಳು ತಪ್ಪಿರುತ್ತವೆ. ಉಳಿದದ್ದೆಲ್ಲ ತುಂಬಿ ಬಂದು ವೈ ಮಾತ್ರ ಇಲ್ಲದಿದ್ದರೆ ಇನ್ನೊಂದು ಸಾಧ್ಯತೆ ನೋಡಲೇಬೇಕು: ಕೆಲವು ಗಂಡಸರಲ್ಲಿ ವೈ ಮೇಲಿನ ಅಮೆಲೊಜೆನಿನ್ ಭಾಗವೇ ಅಳಿಸಿಹೋಗಿರುತ್ತದೆ. ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 2002ರಲ್ಲಿ 270 ಭಾರತೀಯ ಗಂಡಸರಲ್ಲಿ ಐವರಿಗೆ ಹೀಗಿರುವುದನ್ನು ತೋರಿಸಿದರು. ನಮ್ಮ ನಾಡಿನಲ್ಲಿ ಇದನ್ನು ಅಪರೂಪವೆಂದು ತಳ್ಳಿಹಾಕುವ ಹಾಗಿಲ್ಲ.

ಅಂಥದ್ದಕ್ಕೆ ವೈ ಮೇಲಿನ ಬೇರೆ ಗುರುತುಗಳಾದ ಎಸ್‌ಆರ್‌ವೈ ಮತ್ತು ಡಿವೈಎಸ್391 ನೋಡುತ್ತೇನೆ. ಡಿವೈಎಸ್458 ಮಾತ್ರ ನಂಬಬೇಡಿ. ಅದು ಅಮೆಲೊಜೆನಿನ್ ಪಕ್ಕದಲ್ಲೇ ಇರುವುದರಿಂದ ಹೆಚ್ಚಾಗಿ ಅದರ ಜೊತೆಗೇ ಅಳಿದಿರುತ್ತದೆ. ಎಸ್‌ಆರ್‌ವೈ ಬಂದರೆ ವರದಿಯಲ್ಲಿ ಗಂಡು. ಮಾದರಿ ಬಡವಾಗಿದ್ದು ಯಾವ ವೈ ಗುರುತೂ ಸಿಗದಿದ್ದರೆ ‘ಲಿಂಗ ನಿರ್ಧರಿಸಲಾಗಿಲ್ಲ’ ಎಂದೇ ಬರೆದು, ಅದೇ ದೇಹದ ಹಲ್ಲು ಕಳಿಸಲು ಕೇಳುತ್ತೇನೆ.