ಕೈ ಆಡುತ್ತಿದ್ದರೂ ಮೂಳೆ ಮುರಿದಿರಬಹುದು: ಪೆಟ್ಟು ಗುರುತಿಸುವುದು ಹೀಗೆ

ಜಾರಿ ಬೀಳುವಾಗ ಎಲ್ಲರೂ ಕೈ ಊರುತ್ತೇವೆ. ಮೈಭಾರವೆಲ್ಲ ಅಂಗೈ ಮೇಲೆ ಬಿದ್ದು, ಮಣಿಕಟ್ಟು, ಮೊಣಕೈ ದಾಟಿ ಭುಜದವರೆಗೂ ಏರುತ್ತದೆ. ಎದ್ದು ಕೂತ ಮೇಲೆ ಸುತ್ತಲಿನವರು ಹೇಳುವ ಮೊದಲ ಮಾತು: ‘ಬೆರಳು ಆಡಿಸು ನೋಡೋಣ. ಆಡ್ತಿದೆಯಲ್ಲ, ಹಾಗಾದರೆ ಮುರಿದಿಲ್ಲ ಬಿಡು.’ ಈ ಮಾತನ್ನು ದಯವಿಟ್ಟು ನಂಬಬೇಡಿ. ಬೆರಳು ಮಡಚುವ ದೊಡ್ಡ ಸ್ನಾಯುಗಳಿರುವುದು ಮುಂಗೈಯಲ್ಲಿ. ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿದ್ದರೂ ಅವು ಬೆರಳನ್ನು ಎಳೆಯಬಲ್ಲವು.

ಮೊದಲು ಉಂಗುರ, ಬಳೆ, ಗಡಿಯಾರ ತೆಗೆಯಿರಿ. ಬಾವು ಬಂದ ಮೇಲೆ ಉಂಗುರ ಕತ್ತರಿಸಬೇಕಾಗುತ್ತದೆ, ತಡವಾದರೆ ಬೆರಳಿಗೆ ರಕ್ತ ಹೋಗುವುದೂ ನಿಲ್ಲಬಹುದು.

ನಂತರ ನೋಡಿ. ಎರಡೂ ಕೈಗಳ ಮೇಲಿನ ಬಟ್ಟೆ ಸರಿಸಿ, ಪೆಟ್ಟಾದ ಕೈಯನ್ನು ಚೆನ್ನಾಗಿರುವ ಕೈಗೆ ಹೋಲಿಸಿ. ಭುಜದ ದುಂಡು ಮಾಯವಾಗಿ ಅಂಚು ಚೌಕಾಕಾರ ಕಂಡರೆ, ತೋಳನ್ನು ಮೈಗೆ ತಾಗಿಸಲು ಆಗದಿದ್ದರೆ ಕೀಲು ತಪ್ಪಿರುವ ಸಂಭವ ಹೆಚ್ಚು. ಕತ್ತಿನ ಬುಡದಿಂದ ಭುಜಕ್ಕೆ ಹೋಗುವ ಕೊರಳೆಲುಬಿನ ಮಧ್ಯೆ ಗಂಟು ಎದ್ದಿದ್ದು, ವ್ಯಕ್ತಿ ಇನ್ನೊಂದು ಕೈಯಿಂದ ಮೊಣಕೈಯನ್ನು ಎತ್ತಿ ಹಿಡಿದು ಕೂತಿದ್ದರೆ ಆ ಎಲುಬು ಮುರಿದಿರಬಹುದು. ಮಣಿಕಟ್ಟು ಪಕ್ಕದಿಂದ ಊಟದ ಫೋರ್ಕಿನಂತೆ ಬಾಗಿ ಕಂಡರೆ ಅದು ಮುಂಗೈ ಮೂಳೆಯ ತುದಿ ಮುರಿದಿರುವ ಲಕ್ಷಣ. ಮೂಳೆ ಟೊಳ್ಳಾದ ವಯಸ್ಸಾದವರಲ್ಲಿ ಇದು ಬಹಳ ಸಾಮಾನ್ಯ.

ಆಕಾರ ಸರಿಯಾಗಿದ್ದರೆ ಒತ್ತಿ ನೋಡಿ. ನೋವಿಲ್ಲದ ಕಡೆಯಿಂದ ಶುರುಮಾಡಿ, ಒಂದೇ ಬೆರಳಿನಿಂದ, ನಿಧಾನವಾಗಿ. ಹೆಬ್ಬೆರಳನ್ನು ಹಿಂದಕ್ಕೆ ಚಾಚಿದಾಗ ಅದರ ಬುಡದಲ್ಲಿ, ಮಣಿಕಟ್ಟಿನ ಪಕ್ಕ, ಎರಡು ಹುರಿಗಳ (ಸ್ನಾಯುವನ್ನು ಮೂಳೆಗೆ ಜೋಡಿಸುವ ಸ್ನಾಯುರಜ್ಜುಗಳ) ನಡುವೆ ಸಣ್ಣ ಗುಳಿ ಬೀಳುತ್ತದೆ. ಹಿಂದೆ ನಶ್ಯ ಏರಿಸುವವರು ಪುಡಿಯನ್ನು ಆ ಗುಳಿಯಲ್ಲೇ ಇಟ್ಟುಕೊಳ್ಳುತ್ತಿದ್ದರು. ವೈದ್ಯರು ಅದಕ್ಕೆ ಈಗಲೂ ನಶ್ಯದ ಡಬ್ಬಿ ಎಂದೇ ಹೆಸರಿಟ್ಟಿದ್ದಾರೆ. ಕೈಯೂರಿ ಬಿದ್ದವರಿಗೆ ಅಲ್ಲಿ ಒತ್ತಿದಾಗ ನೋವಾದರೆ, ಕೆಳಗಿರುವ ಸ್ಕೇಫಾಯ್ಡ್ ಎಂಬ ಪುಟ್ಟ ಮೂಳೆ ಮುರಿದಿದೆಯೆಂದೇ ಸಂಶಯಪಡಬೇಕು. ಊತ ಅಷ್ಟಾಗಿ ಇರುವುದಿಲ್ಲ. ಮೊದಲ ದಿನದ ಎಕ್ಸ್‌ರೇಯಲ್ಲೂ ಬಿರುಕು ಕಾಣದೆ ಹೋಗಬಹುದು. ಆದ್ದರಿಂದಲೇ ಪಟ್ಟಿ ಹಾಕಿ 10–14 ದಿನಗಳ ನಂತರ ಮತ್ತೆ ಪರೀಕ್ಷಿಸುತ್ತಾರೆ. ಈ ಮೂಳೆಗೆ ರಕ್ತ ಬರುವುದು ಹೆಚ್ಚಾಗಿ ಬೆರಳಿನ ಕಡೆಯ ತುದಿಯಿಂದ. ನಡುವೆ ಮುರಿದರೆ ಮುಂಗೈ ಕಡೆಯ ತುಂಡಿಗೆ ರಕ್ತವಿಲ್ಲದೆ ಅದು ಸತ್ತೇ ಹೋಗಬಹುದು. ‘ಉಳುಕಿದೆ ಅಷ್ಟೇ’ ಎಂದು ಎಣ್ಣೆ ತಿಕ್ಕಿ ತಿಂಗಳು ಕಳೆದರೆ ಮಣಿಕಟ್ಟು ಮೊದಲಿನಂತಾಗುವುದು ಕಷ್ಟ.

ಇನ್ನು ಆಡಿಸಿ ನೋಡುವುದು. ಅವರೇ ಆಡಿಸಲಿ, ನೀವು ಎಳೆಯಬೇಡಿ. ತೋಳನ್ನು ಪಕ್ಕದಿಂದ ಮೇಲೆತ್ತುವಾಗ ಅರ್ಧ ದಾರಿಯಲ್ಲಿ ಮಾತ್ರ ನೋವಾಗಿ, ಪೂರ್ತಿ ಎತ್ತಿದ ಮೇಲೆ ಕಡಿಮೆಯಾದರೆ ಭುಜದ ಒಳಗಿನ ಸ್ನಾಯುರಜ್ಜು ಉಜ್ಜುತ್ತಿರಬಹುದು. ಎತ್ತಲು ಬಲವೇ ಇಲ್ಲದಿದ್ದರೆ ಅದು ಹರಿದಿರಬಹುದು. ಚೆಂಡು ಬಡಿದ ಬೆರಳಿನ ತುದಿ ಜೋತುಬಿದ್ದು, ತಾನಾಗಿ ನೆಟ್ಟಗಾಗದಿದ್ದರೆ ಅದರ ಹುರಿ ಕಿತ್ತಿದೆ. ಇದಕ್ಕೆ ಸಾಮಾನ್ಯವಾಗಿ 6ರಿಂದ 8 ವಾರ ಹಗಲಿರುಳೂ ತುದಿಯನ್ನು ನೆಟ್ಟಗೆ ಹಿಡಿಯುವ ಪಟ್ಟಿ ಬೇಕು. ನಡುವೆ ಒಮ್ಮೆ ತುದಿ ಬಾಗಿದರೂ ದಿನಗಳ ಎಣಿಕೆ ಮತ್ತೆ ಮೊದಲಿನಿಂದ.

ಕೊನೆಗೆ ಉಗುರು ಒತ್ತಿ ಬಿಡಿ. ಬಿಳುಪು ಹೋಗಿ ಸುಮಾರು 2 ಸೆಕೆಂಡಿನಲ್ಲಿ ಕೆಂಪು ಮರಳಬೇಕು. ಬೆರಳು ತಣ್ಣಗಿದ್ದರೆ, ಬಿಳಿಚಿದರೆ, ಜೋಮು ಹಿಡಿದರೆ, ಮೂಳೆ ಚರ್ಮ ಸೀಳಿ ಹೊರಬಂದಿದ್ದರೆ, ಅಥವಾ ಬೆರಳು ಚಾಚಿದೊಡನೆ ಮುಂಗೈಯಲ್ಲಿ ತಡೆಯಲಾಗದ ನೋವು ಬಂದರೆ ತಡಮಾಡದೆ ಆಸ್ಪತ್ರೆಗೆ ಹೊರಡಿ. ಮೊಣಕೈ ಹತ್ತಿರ ಪೆಟ್ಟಾದ ಮಕ್ಕಳಲ್ಲಿ ಈ ಪರೀಕ್ಷೆಯನ್ನು ಮರೆಯಲೇಬೇಡಿ.

ಹೊರಡುವ ಮುನ್ನ ಕೈ ಇರುವ ಭಂಗಿಯಲ್ಲೇ ಬಟ್ಟೆಯ ಜೋಲಿ ಕಟ್ಟಿ. ಗಾಯ ತೆರೆದಿಲ್ಲದಿದ್ದರೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 15–20 ನಿಮಿಷ ಇಡಬಹುದು. ತಪ್ಪಿದ ಕೀಲನ್ನು ಎಳೆದು ಕೂರಿಸಲು ಯಾರಿಗೂ ಬಿಡಬೇಡಿ. ಅದರ ಪಕ್ಕದಲ್ಲೇ ನರ, ರಕ್ತನಾಳ ಹಾದುಹೋಗಿರುತ್ತವೆ.

ಬೀಳದೆ, ಪೆಟ್ಟಾಗದೆ ಭುಜ ಅಥವಾ ತೋಳು ಹಠಾತ್ತನೆ ನೋಯತೊಡಗಿ, ಜೊತೆಗೆ ಎದೆ ಬಿಗಿತ, ಬೆವರು, ಉಸಿರುಕಟ್ಟುವಿಕೆ ಇದ್ದರೆ ಕೈಯನ್ನು ಪರೀಕ್ಷಿಸುತ್ತಾ ಕೂರಬೇಡಿ. ಅದು ಹೃದಯದ ನೋವಿರಬಹುದು, ಕೂಡಲೇ ಆಂಬುಲೆನ್ಸ್ ಕರೆಯಿರಿ.